ಆಗುಂಬೆ ಹತ್ತಿದವರಿಗೆ ಆಲ್ಪ್ಸ್ ಆಗುತ್ತಾ? – ಪ್ರತಿಕ್ರಿಯೆ

ನಮಸ್ಕಾರ. ಫ್ರಾನ್ಸಿನ ಆಲ್ಪ್ಸ್‌ನಲ್ಲಿ ಗೈಡ್ ಜೊತೆ ಒಂದು ವಾರದ ಸೈಕಲ್ ಪ್ರವಾಸಕ್ಕೆ ಆಗುಂಬೆ ಘಾಟಿಯ ಅಭ್ಯಾಸ ಸಾಕಾ, ಸೈಕಲ್ ಶಿವಮೊಗ್ಗದಿಂದಲೇ ಒಯ್ಯಬೇಕಾ ಅಂತ ಕೇಳಿದ್ದೀರಿ.

ಧೈರ್ಯವಾಗಿ ಹೋಗಿ. ಆದರೆ ಒಂದು ಸಲ ಆಗುಂಬೆ ಹತ್ತಿದರೆ ಸಾಲದು. ಇಲ್ಲಿ 14 ತಿರುವಿಗೆ ಘಾಟಿ ಮುಗಿಯುತ್ತೆ. ಅಲ್ಲಿನ ಹೆಸರಾಂತ ಏರುದಾರಿ ಆಲ್ಪ್ ಡುಯೆಜ್‌ನಲ್ಲಿ 21 ತಿರುವು, 13.8 ಕಿ.ಮೀ., ಸರಾಸರಿ ಶೇ. 8ರ ಏರು. ಸೋಮೇಶ್ವರದಿಂದ ಹತ್ತಿ, ಇಳಿದು, ಅದೇ ಬೆಳಿಗ್ಗೆ ಮತ್ತೊಮ್ಮೆ ಹತ್ತಿ ನೋಡಿ. ಮಳೆ ಹಿಡಿಯೋಕೆ ಮೊದಲೇ ಮುಗಿಸಿಕೊಳ್ಳಿ, ಆಮೇಲೆ ರಸ್ತೆ ಬದಿಯೆಲ್ಲ ಪಾಚಿ.

ಸೈಕಲ್ ಒಯ್ಯಬೇಡಿ, ಅಲ್ಲೇ ಬಾಡಿಗೆಗೆ ಸಿಗುತ್ತೆ. ನಿಮ್ಮ ಪೆಡಲ್, ಶೂ, ಸೀಟು ಸಾಕು. ಸೀಟಿನ ಎತ್ತರ ಅಳೆದು ಬರೆದಿಟ್ಟುಕೊಳ್ಳಿ. ಏರು ಹತ್ತೋಕೆ ಹಗುರವಾಗಲಿ ಅಂತ ಹಿಂದಿನ ಚಕ್ರಕ್ಕೆ 34 ಹಲ್ಲಿನ ಗೇರ್ ಇರೋದನ್ನೇ ಕೇಳಿ.

ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಏರಲ್ಲ, ಇಳಿಜಾರು. ನಮ್ಮಲ್ಲಿ ಮುಂದಿನ ಬ್ರೇಕ್ ಬಲಗೈಗೆ, ಅಲ್ಲಿ ಎಡಗೈಗೆ. ಮೊದಲ ದಿನ ತಿರುವಿನಲ್ಲಿ ಅಭ್ಯಾಸಬಲದಿಂದ ಎಡಗೈ ಒತ್ತಿಬಿಟ್ಟೆ. ಹಿಂದಿನ ಚಕ್ರ ನೆಲ ಬಿಟ್ಟು ಎದ್ದಿತು, ಎದೆ ಧಸಕ್ಕೆಂದಿತು! ಬಾಡಿಗೆ ಅಂಗಡಿಯವರಿಗೆ ಮೊದಲೇ ಹೇಳಿ ಬ್ರೇಕ್ ಅದಲುಬದಲು ಮಾಡಿಸಿ. ವಾಹನಗಳೂ ಬಲಬದಿಯಲ್ಲೇ ಓಡುತ್ತವೆ. ಗೈಡ್ ಹಿಂದೆಯೇ ಇರಿ.

ಬೆವೆತ ಮೈಯಲ್ಲಿ ಇಳಿಯುವಾಗ ಜುಲೈಯಲ್ಲೂ ಬೆರಳು ಮರಗಟ್ಟುತ್ತೆ, ಬ್ರೇಕ್ ಹಿಡಿಯೋಕಾಗಲ್ಲ. ಗಾಳಿ ತಡೆಯುವ ಜಾಕೆಟ್, ಪೂರ್ತಿ ಬೆರಳಿನ ಗ್ಲೌಸ್ ಪ್ರವಾಸದವರ ಸಾಮಾನಿನ ವ್ಯಾನಿಗೆ ಹಾಕದೆ ಜೇಬಿನಲ್ಲೇ ಇಟ್ಟುಕೊಳ್ಳಿ.

ಫ್ರಾನ್ಸಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋವರೆಗಿನ ಖರ್ಚು ಭರಿಸುವ ವೈದ್ಯಕೀಯ ವಿಮೆ ಹೇಗೂ ಬೇಕು. ಸೈಕಲ್‌ನಿಂದ ಬಿದ್ದರೂ ಅದು ಅನ್ವಯಿಸುತ್ತಾ ಅಂತ ಓದಿ ನೋಡಿ.

ಯಾವ ತಿಂಗಳು ಹೊರಡ್ತಿದ್ದೀರಿ? ತೀರ್ಥಹಳ್ಳಿ ಕಡೆ ಬಂದರೆ ತಿಳಿಸಿ, ಒಂದು ಭಾನುವಾರ ಘಾಟಿಗೆ ಒಟ್ಟಿಗೇ ಹೋಗೋಣ.