ನಂದಿ ಬೆಟ್ಟದ ಏರು ಮತ್ತು ಮೊಣಕಾಲು ನೋವು

ಸೈಕಲ್‌ನಲ್ಲಿ ನಂದಿ ಬೆಟ್ಟ ಏರುವಾಗ ಕೊನೆಯ ತಿರುವುಗಳಲ್ಲಿ ಮೊಣಕಾಲಿನ ಮುಂಭಾಗ ನೋಯುತ್ತದೆ ಎಂದಿರಿ. ಬಹುಶಃ ತಪ್ಪು ಕಾಲಿನದ್ದಲ್ಲ, ಗೇರಿನದ್ದು. ಮುಂದೆ 39, ಹಿಂದೆ 25 ಹಲ್ಲಿನ ಚಕ್ರ ಇಟ್ಟುಕೊಂಡು ಆ ಏರನ್ನು ಕುಳಿತು ತುಳಿದರೆ ಪ್ರತಿ ಸುತ್ತಿಗೂ ಮಂಡಿಯ ಮೇಲೆ ಮೂಟೆ ಹೊರಿಸಿದಂತೆ. ನಾನೂ ಒಂದು ವರ್ಷ ಹೊರಿಸಿದ್ದೇನೆ.

ಮೊದಲು ಸೀಟು ನೋಡಿ. ಪೆಡಲ್ ತೀರಾ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಮಂಡಿ ಮಡಚಿಕೊಂಡೇ ಇದ್ದರೆ ಸೀಟನ್ನು 5 ಮಿಲಿಮೀಟರಿನಷ್ಟೇ ಏರಿಸಿ ಓಡಿಸಿ ನೋಡಿ. ಆಮೇಲೆ ದೊಡ್ಡ ಚಕ್ರಕ್ಕೆ 32 ಹಲ್ಲಿರುವ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹಾಕಿಸಿ, ಏರಿನಲ್ಲಿ ಗೇರು ಹಗುರಾಗುತ್ತದೆ. ನಿಮ್ಮ ಡಿರೇಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ, ಅದನ್ನು ತಾಳುತ್ತದೆಯೇ ಎಂದು ಸೈಕಲ್ ನೋಡದೆ ಹೇಳಲಾರೆ, ಅಂಗಡಿಯಲ್ಲಿ ಕೇಳಿ, ಚೈನೂ ಬದಲಾಗಬೇಕಾದೀತು. ಅಲ್ಲಿಯವರೆಗೆ ಬೆಟ್ಟ ಬಿಟ್ಟು ಕೆಳಗೆ ಮುದ್ದೇನಹಳ್ಳಿ ಕಡೆಯ ರಸ್ತೆಯಲ್ಲಿ ಹಗುರ ಗೇರಿನಲ್ಲಿ ಓಡಿಸಿ. ಅಲ್ಲಿಯೂ ನೋವು ಬಂದರೆ ನನ್ನ ಊಹೆ ತಪ್ಪು, ವೈದ್ಯರಿಗೆ ತೋರಿಸಿ.