ಕೊನೆಯ ದಿನ ದೊಡ್ಡ ಗುರಿಯಿದ್ದರೆ ಬೆಳಿಗ್ಗೆಯೇ ಡ್ರಾಗೆ ಆಡುವುದು ಜಾಣತನವೇ?

ಅಲ್ಲ. ಟೆಸ್ಟ್‌ನ ಕೊನೆಯ ದಿನ ಮುನ್ನೂರಕ್ಕೂ ಹೆಚ್ಚು ರನ್ ಬೇಕಿದ್ದರೆ ಗೆಲುವಿನ ಆಸೆ ಬಿಡುವುದೇ ಕ್ಷೇಮ ಎನ್ನುತ್ತಿದ್ದೀರಿ. ಆ ಕ್ಷೇಮವನ್ನು ನಾನು ಚೆನ್ನಾಗಿ ಉಂಡಿದ್ದೇನೆ.

ಮುಂಬೈಯಲ್ಲಿ ಬ್ಯಾಂಕ್ ತಂಡವೊಂದರ ನಾಯಕನಾಗಿದ್ದೆ. ಆಜಾದ್ ಮೈದಾನದಲ್ಲಿ ಮೂರು ದಿನದ ಪಂದ್ಯ. ಪಕ್ಕದ ಪಂದ್ಯದ ಥರ್ಡ್‌ಮ್ಯಾನ್ ಫೀಲ್ಡರ್ ನಮ್ಮ ಕವರ್ ಫೀಲ್ಡರ್‌ನೊಡನೆ ಹರಟುವಷ್ಟು ಇಕ್ಕಟ್ಟು. ಕೊನೆಯ ದಿನ ನಮ್ಮ ಗುರಿ ಮುನ್ನೂರರ ಆಚೆಗಿತ್ತು. ಊಟದವರೆಗೆ ರನ್ ಸಲೀಸಾಗಿ ಬಂದವು. ಆಮೇಲೆ ಬೆನ್ನುಬೆನ್ನಿಗೆ ವಿಕೆಟ್ ಉರುಳಿದವು. ಕ್ರೀಸಿನಲ್ಲಿದ್ದ ನಾನು ರನ್ನಿನ ಬಾಗಿಲು ಹಾಕಿ, ಡ್ರಾಗಾಗಿ ಬರೀ ತಡೆಯತೊಡಗಿದೆ.

ಕೆಟ್ಟದ್ದು ಇಲ್ಲೇ. ಸೋತಾಗ ಎಲ್ಲರೂ ಕೆಟ್ಟ ಹೊಡೆತವನ್ನು ದೂರುತ್ತಾರೆ. ನಾನು ಹೊಡೆತವನ್ನೇ ಹೊಡೆದಿರಲಿಲ್ಲ! ಅಲ್ಲಿಯವರೆಗೆ ಅವರ ಆಫ್‌ಸ್ಪಿನ್ನರ್‌ಗೆ ಬೌಂಡರಿಯ ಬಳಿ ಲಾಂಗ್‌ಆನ್, ಡೀಪ್ ಸ್ಕ್ವೇರ್ ಲೆಗ್ ಎರಡೂ ಕಡೆ ಕಾವಲಿತ್ತು. ನಾವು ರನ್ ಬಿಟ್ಟದ್ದನ್ನು ಕಂಡ ಅವರ ನಾಯಕ ಚಪ್ಪಾಳೆ ತಟ್ಟಿ ಇಬ್ಬರನ್ನೂ ಒಳಗೆ ಕರೆದ. ಬ್ಯಾಟಿನ ಮಗ್ಗುಲಿಗೇ ಒಬ್ಬ ಶಾರ್ಟ್ ಲೆಗ್, ಇನ್ನೊಬ್ಬ ಸಿಲ್ಲಿ ಪಾಯಿಂಟ್. ಅವನ ನೆರಳು ನನ್ನ ಬೂಟಿನ ಮೇಲೆ. ಏಟಿಗೆ ಹೆದರಿ ಚಪ್ಪಟೆಯಾಗಿ, ವೇಗವಾಗಿ ಎಸೆಯುತ್ತಿದ್ದ ಬೌಲರ್ ಈಗ ಚೆಂಡನ್ನು ತೇಲಿಸಿ, ವೇಗಿಗಳ ಬೂಟು ಕೆದರಿದ ಗುಂಡಿಯಲ್ಲೇ ಕೆಡವತೊಡಗಿದ. ಒಂಟಿ ರನ್ ಓಡದ ಕಾರಣ ಆರು ಎಸೆತವೂ ಒಬ್ಬನಿಗೇ. ಲೆಂತ್ ತಿದ್ದಿಕೊಳ್ಳಲು ಅವನಿಗೆ ಪುರುಸೊತ್ತೋ ಪುರುಸೊತ್ತು.

ಜೊತೆಗಿದ್ದ ಧಾರವಾಡದ ಹಿರಿಯರು, "ತಮ್ಮಾ, ಮಿಡ್‌ವಿಕೆಟ್ ಪೂರ್ತಿ ಖಾಲಿ ಇದೆ, ಸುಮ್ಮನೆ ತಳ್ಳು" ಎಂದರು. "ಬೇಡ ಸರ್, ಹೊತ್ತು ಕಳೆಯೋಣ" ಎಂದೆ. ಮುಂದಿನ ಓವರಿನಲ್ಲೇ ಬ್ಯಾಟಿಗೂ ಪ್ಯಾಡಿಗೂ ತಾಗಿದ ಚೆಂಡು ಶಾರ್ಟ್ ಲೆಗ್ ಕೈ ಸೇರಿತು. ಹಿಂದೆಯೇ ಬಾಲಂಗೋಚಿ ಬ್ಯಾಟ್ಸ್‌ಮನ್‌ಗಳೂ ಔಟಾಗಿ ಬಂದರು; ಪಂದ್ಯ ಸೋತೆವು. ಸಂಜೆ ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಇಡ್ಲಿ ಮುಗಿಯುವವರೆಗೂ ಆ ಹಿರಿಯರು ನನ್ನೊಡನೆ ಮಾತಾಡಲಿಲ್ಲ.

ಹೀಗಾಗಿ 'ಬೆನ್ನಟ್ಟುವುದೋ, ಡ್ರಾವೋ' ಎಂಬ ನಿಮ್ಮ ವಿಂಗಡಣೆಯೇ ನನಗೆ ಒಪ್ಪಿಗೆಯಿಲ್ಲ. 2021ರ ಸಿಡ್ನಿ ಟೆಸ್ಟ್‌ನಲ್ಲಿ ಆಸ್ಟ್ರೇಲಿಯದ ಎದುರು ಭಾರತದ ಗುರಿ 407. ಪಂದ್ಯವನ್ನು ಡ್ರಾ ಮಾಡಿ ಉಳಿಸಿದ ಕೀರ್ತಿ 161 ಎಸೆತಗಳಲ್ಲಿ ಅಜೇಯ 23 ಗಳಿಸಿದ ವಿಹಾರಿಗೆ, ಜೊತೆಗಿದ್ದ ಅಶ್ವಿನ್‌ಗೆ ಸಂದಿತು. ಸಲ್ಲಲಿ. ಆದರೆ ಅದಕ್ಕೂ ಮೊದಲು ಪಂತ್ 97 ಬಾರಿಸಿ ಅವರ ಆಫ್‌ಸ್ಪಿನ್ನರ್ ಲಯನ್‌ರ ಲೆಕ್ಕ ತಪ್ಪಿಸಿದ್ದನ್ನು ಯಾರೂ ಡ್ರಾದ ಖಾತೆಗೆ ಬರೆಯುವುದಿಲ್ಲ. ಮುಂದಿನ ಟೆಸ್ಟ್‌ನಲ್ಲಿ, ಬ್ರಿಸ್ಬೇನ್‌ನಲ್ಲಿ, ಗುರಿ 328. ಪೂಜಾರ ಮೈತುಂಬ ಪೆಟ್ಟು ತಿಂದು 211 ಎಸೆತಗಳಲ್ಲಿ 56 ಮಾಡಿದರು. ಗಿಲ್ 91, ಪಂತ್ ಅಜೇಯ 89. ತಡೆದವರೂ ಹೊಡೆದವರೂ ಸೇರಿಯೇ ಗೆದ್ದದ್ದು. 1976ರ ಪೋರ್ಟ್ ಆಫ್ ಸ್ಪೇನ್‌ನಲ್ಲಿ, ವೆಸ್ಟ್ ಇಂಡೀಸ್ ಎದುರು ಗೆದ್ದ ಟೆಸ್ಟ್‌ನಲ್ಲಿ, 403ರ ಗುರಿಗೆ ನಮ್ಮ ವಿಶ್ವನಾಥ್ 112, ಬ್ರಿಜೇಶ್ ಪಟೇಲ್ ಅಜೇಯ 49 ಕೊಟ್ಟದ್ದನ್ನು ಕನ್ನಡಿಗರಿಗೆ ನಾನು ಹೇಳಬೇಕಿಲ್ಲ.

2014ರ ಅಡಿಲೇಡನ್ನು ಯಾರಾದರೂ ನನ್ನ ಮುಖಕ್ಕೆ ಹಿಡಿಯುತ್ತಾರೆ: 364 ಬೆನ್ನಟ್ಟಿ 315ಕ್ಕೆ ಆಲೌಟ್, ಕೊಹ್ಲಿಯ 141 ವ್ಯರ್ಥ. ಗೆಲ್ಲಲು ಆಡಿ ಸೋತ ಆ ಸೋಲಿನ ಬಗ್ಗೆ ನನಗೆ ತಕರಾರಿಲ್ಲ.

ಡ್ರಾ ಬೇಕೇ ಬೇಕೆಂದರೆ 2011ರ ವಾಂಖೆಡೆ ನೋಡಿ. ವೆಸ್ಟ್ ಇಂಡೀಸ್ ಕೊಟ್ಟ ಗುರಿ 243. ಕೊನೆಯ ಎಸೆತಕ್ಕೆ ಎರಡು ರನ್ ಬೇಕಿದ್ದಾಗ ಅಶ್ವಿನ್ ಎರಡನೆಯದಕ್ಕೆ ಓಡಿ ರನೌಟ್ ಆದರು. ಒಂಬತ್ತು ವಿಕೆಟ್‌ಗೆ 242, ಸ್ಕೋರು ಸಮ. ಒಂದು ವಿಕೆಟ್ ಉಳಿದಿದ್ದರಿಂದ ದಾಖಲೆಯಲ್ಲಿ ಅದೂ ಡ್ರಾವೇ.