ಸಮುದ್ರದ ಮೀನು ಬಕೆಟಲ್ಲಿ ಸತ್ತದ್ದು ಯಾಕೆ?

ಪ್ರಶ್ನೆ: ರಜೆಯಲ್ಲಿ ಮಗ ಸಮುದ್ರದ ನೀರು ಸಮೇತ ಎರಡು ಪುಟ್ಟ ಮೀನು ಬಕೆಟಲ್ಲಿ ಹಾಕಿ ತಂದಿದ್ದ. ಗಾಳಿ ಬಿಡುವ ಪಂಪ್ ಕೂಡ ಇಟ್ಟಿದ್ವಿ. ನೀರು ತಿಳಿಯಾಗೇ ಇತ್ತು, ಆದ್ರೂ ಮೂರನೇ ದಿನ ಎರಡೂ ಸತ್ತವು. ಹಾಗಾದ್ರೆ ಲ್ಯಾಬಲ್ಲಿ ವರ್ಷಗಟ್ಟಲೆ ಹೇಗೆ ಸಾಕ್ತಾರೆ? ಸಾಕಿ ಎಂತ ಪ್ರಯೋಜನ?
– ಓದುಗರೊಬ್ಬರು, ಮಂಜೇಶ್ವರ

ಉತ್ತರ: ತಿಳಿಯಾಗಿದ್ದ ನೀರೇ ನಿಮಗೆ ಮೋಸ ಮಾಡಿದ್ದು ಅಂತ ಕಾಣ್ತದೆ. ಮೀನು ಕಿವಿರಿನಿಂದ ಅಮೋನಿಯಾ ಬಿಡ್ತದೆ, ಅದಕ್ಕೆ ಬಣ್ಣ ಇಲ್ಲ, ಸಮುದ್ರದಲ್ಲಾದ್ರೆ ಎಲ್ಲೋ ಕರಗಿ ಹೋಗ್ತದೆ, ಬಕೆಟಲ್ಲಿ ಅಲ್ಲೇ ಉಳೀತದೆ. ಪಂಪ್ ಗಾಳಿ ಕೊಡ್ತದೆ, ವಿಷ ತೆಗೆಯುದಿಲ್ಲ.

ಹಾಗಾಗಿ ಲ್ಯಾಬಿನವರು ಮೀನಿಗಿಂತ ಮೊದಲು ಬ್ಯಾಕ್ಟೀರಿಯಾ ಸಾಕ್ತಾರೆ! ಟ್ಯಾಂಕಿನ ನೀರು ಪ್ಲಾಸ್ಟಿಕ್ ಚೂರೋ ಕಲ್ಲೋ ತುಂಬಿದ ಫಿಲ್ಟರ್ ಮೂಲಕ ಸುತ್ತುತ್ತಾ ಇರ್ತದೆ, ಆ ಚೂರುಗಳ ಮೈಮೇಲೆ ಕೂತ ಒಂದು ಜಾತಿ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡ್ತದೆ, ಅದರಿಂದ ಮೀನಿಗೆ ಅಷ್ಟು ತೊಂದರೆ ಇಲ್ಲ. ಇದು ಸರಿಯಾಗಿ ಕೂರ್ಲಿಕ್ಕೆ ತಿಂಗಳು, ಒಂದೂವರೆ ತಿಂಗಳು ಬೇಕು. ಆಮೇಲೆ ಉಪ್ಪು. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ, ನೀರು ಆವಿಯಾದ್ರೂ ಉಪ್ಪು ಟ್ಯಾಂಕಲ್ಲೇ ಇರ್ತದಲ್ಲಾ, ಹಾಗಾಗಿ ಕಮ್ಮಿಯಾದಷ್ಟಕ್ಕೆ ಸಿಹಿನೀರೇ ಹಾಕ್ಬೇಕು. ಆಟಿ ತಿಂಗಳ ಜೋರು ಮಳೆಗಾಲದಲ್ಲಿ ಹೊಳೆ ಬಾಗಿಲಿನ (ಹೊಳೆ ಸಮುದ್ರಕ್ಕೆ ಸೇರುವಲ್ಲಿನ) ನೀರು ತಂದ್ರೆ ಅದೂ ಉಪಯೋಗ ಇಲ್ಲ, ಮಳೆಗೆ ಉಪ್ಪೇ ಇಳಿದಿರ್ತದೆ.

ಮರಿ ಸಾಕುದು ಇನ್ನೂ ದೊಡ್ಡ ತಲೆನೋವು. ಮೊಟ್ಟೆಯಿಂದ ಬಂದ ಮರಿಯ ಬಾಯಿ ಎಷ್ಟು ಸಣ್ಣ ಅಂದ್ರೆ ಅದಕ್ಕೆ ರೋಟಿಫರ್ ಅನ್ನುವ ಸೂಕ್ಷ್ಮಜೀವಿ ಬೇಕು, ರೋಟಿಫರಿಗೆ ಪಾಚಿ ಬೇಕು, ಅಂದ್ರೆ ಒಂದು ಮೀನಿಗೆ ಮೂರು ಕೃಷಿ ಆಯ್ತು. ನಮ್ಮ ಕಾಸರಗೋಡಿನ ಕೂಡ್ಲಿನಲ್ಲಿ ತೆಂಗಿಗೆ ಸಿಪಿಸಿಆರ್‌ಐ ಅನ್ನುವ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಇದ್ದ ಹಾಗೆ ಸಮುದ್ರದ ಮೀನಿಗೆ ಸಿಎಂಎಫ್‌ಆರ್‌ಐ ಅನ್ನುವ ಸಂಸ್ಥೆ ಉಂಟು, ತಮಿಳುನಾಡಿನ ಮಂಡಪಂನಲ್ಲಿರುವ ಅವರ ಕೇಂದ್ರದಲ್ಲಿ 2010ರಲ್ಲಿ ಕೋಬಿಯಾ ಅನ್ನುವ ದೊಡ್ಡ ಸಮುದ್ರ ಮೀನಿನ ಮರಿ ಮಾಡಿದ್ರು, ದೇಶದಲ್ಲಿ ಅದೇ ಮೊದಲು.

ಪ್ರಯೋಜನ ಕೇಳಿದ್ರಲ್ಲಾ, ನೀವು ಸುಕ್ಕ ಮಾಡುವ ಬೊಂಡಾಸ್ (ಸ್ಕ್ವಿಡ್) ಉಂಟಲ್ಲ, ಅದರದ್ದೇ ಜಾತಿಯ ಒಂದು ನರ ಹೊಲಿಗೆ ನೂಲಿನಷ್ಟು ದಪ್ಪ ಇರ್ತದೆ, ಒಳಗೆ ತಂತಿ ತೂರಿಸಿ ಕರೆಂಟ್ ಅಳೀಬಹುದು. ನರದಲ್ಲಿ ಸಂದೇಶ ಹೇಗೆ ಓಡ್ತದೆ ಅಂತ ಹಾಡ್ಕಿನ್, ಹಕ್ಸ್ಲಿ ಅನ್ನುವ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು ಕಂಡುಹಿಡಿದದ್ದು ಇದರಲ್ಲೇ, ಅದಕ್ಕೆ 1963ರ ನೊಬೆಲ್ ಸಿಕ್ಕಿತು. ಬೊಂಡಾಸ್ ಟ್ಯಾಂಕಲ್ಲಿ ಗೋಡೆಗೆ ಹೊಡ್ಕೊಂಡು ಮೈ ಗಾಯ ಮಾಡ್ಕೊಳ್ತದೆ, ಬೇಗ ಸಾಯ್ತದೆ, ಅದಕ್ಕೇ ಅವರು ಇಂಗ್ಲೆಂಡಿನ ಪ್ಲಿಮತ್ ಕಡಲ ಬದಿಯ ಲ್ಯಾಬಿಗೇ ಹೋಗಿದ್ದು.

ಮಗನಿಗೆ ಇನ್ನೂ ಆಸೆ ಇದ್ರೆ ಮೊದಲು ಫಿಲ್ಟರ್ ಹಾಕಿ ಮೀನಿಲ್ಲದೆ ಟ್ಯಾಂಕ್ ಓಡಿಸಿ, ದಿನಾ ಒಂದು ಚಿಟಿಕೆ ಮೀನಿನ ಆಹಾರ ಉದುರಿಸಿ, ಅದು ಕೊಳೆತು ಬ್ಯಾಕ್ಟೀರಿಯಾಕ್ಕೆ ಊಟ ಆಗ್ತದೆ. ಅಕ್ವೇರಿಯಂ ಅಂಗಡಿಯ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆ ಒಂದೇ ಒಂದು ಮೀನು ಬಿಡಿ.